ಆರ್‌ಸಿ ಕ್ರಾಲರ್‌ಗೆ ಕಲ್ಲುದಾರಿ: ಕಟ್ಟಿ ನೋಡಿದವರ ಮಾತು

ಪ್ರಶ್ನೆ
ಮನೆ ಹಿಂದೆ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಇದೆ. ನನ್ನ ಹತ್ತಿರ 1:10 ಅಳತೆಯ (ನಿಜವಾದ ಗಾಡಿಯ ಹತ್ತನೇ ಒಂದರಷ್ಟು) ರಿಮೋಟ್ ಕ್ರಾಲರ್, ಅಂದರೆ ಕಲ್ಲು ಗುಂಡಿಗಳ ಮೇಲೆ ನಿಧಾನವಾಗಿ ಹತ್ತಿಳಿಯುವ ಆಟದ ಗಾಡಿ ಇದೆ, ಮಗಳ ಹತ್ತಿರ 1:24ರ ಪುಟ್ಟದು. ಇಬ್ಬರೂ ಒಟ್ಟಿಗೆ ಓಡಿಸುವಂಥ ದಾರಿ ಕಟ್ಟಬೇಕು. ಎಲ್ಲಿಂದ ಶುರು ಮಾಡಲಿ? ಕಲ್ಲಿಗೆ ಸಿಮೆಂಟ್ ಹಾಕಲೇ?

ಉತ್ತರ 1
ಸಿಮೆಂಟ್ ಈಗಲೇ ಬೇಡ. ನಾನು ಮೊದಲ ಸಲ ಎಲ್ಲ ಕಲ್ಲನ್ನೂ ಗಾರೆಯಲ್ಲಿ ಕೂರಿಸಿಬಿಟ್ಟೆ. ಎರಡೇ ವಾರದಲ್ಲಿ ದಾರಿ ಬಾಯಿಪಾಠ ಆಯಿತು, ಬದಲಾಯಿಸಲು ಮಾತ್ರ ಆಗಲಿಲ್ಲ. ಈಗ ಕಲ್ಲಿನ ಮೂರನೇ ಒಂದು ಭಾಗವನ್ನು ಮಣ್ಣಲ್ಲಿ ಹೂತು, ಸುತ್ತ ಜಲ್ಲಿ ತುಂಬಿ ಗಟ್ಟಿಯಾಗಿ ಬಡಿಯುತ್ತೇನೆ. ಕಾಲಲ್ಲಿ ಒತ್ತಿದರೂ ಅಲುಗುವುದಿಲ್ಲ. ಬೇಸರ ಬಂದಾಗ ಕಿತ್ತು ತಿರುಗಿಸಿಡಬಹುದು.

ಸುಮ್ನೆ ಎತ್ತರಕ್ಕೆ ಪೇರಿಸಬೇಡಿ. ಕಷ್ಟ ಬರುವುದು ಕಲ್ಲುಗಳ ನಡುವಿನ ಅಂತರದಿಂದ. 1:10 ಕ್ರಾಲರ್‌ನ ಎರಡು ಆಕ್ಸಲ್‌ಗಳ ನಡುವೆ ಸಾಮಾನ್ಯವಾಗಿ 31 ಸೆಂ.ಮೀ. ಆಸುಪಾಸು ಇರುತ್ತದೆ, ಟೈರ್ 11-12 ಸೆಂ.ಮೀ. ಎತ್ತರ. ನಿಮ್ಮ ಗಾಡಿಯನ್ನು ಅಳೆದು, ಎರಡನ್ನೂ ಒಂದು ಕೋಲಿನ ಮೇಲೆ ಗುರುತು ಹಾಕಿಕೊಳ್ಳಿ. ಆ ಕೋಲು ಹಿಡಿದೇ ಕಲ್ಲು ಜೋಡಿಸಿ. ಮುಂದಿನ ಚಕ್ರ ಒಂದು ಕಲ್ಲು ಹತ್ತುವಾಗ ಹಿಂದಿನ ಚಕ್ರ ಗುಂಡಿಗೆ ಇಳಿಯುವಂತೆ ಇಟ್ಟರೆ, ಟೈರಿನ ಅರ್ಧ ಎತ್ತರದ ಕಲ್ಲೂ ಬೆವರಿಳಿಸುತ್ತದೆ. ಅದರ ಜೊತೆಗೆ ಒಂದು ಪಕ್ಕಕ್ಕೆ ವಾಲಿದ ಕಲ್ಲು ಇರಲಿ. ಗಾಡಿ ಮಗುಚುವುದು ನೇರ ಏರಿಗಿಂತ ಅಲ್ಲೇ ಜಾಸ್ತಿ.

ತಿರುವಿನ ಬಗ್ಗೆ ಎಚ್ಚರ. ಹೆಚ್ಚಿನ ಕ್ರಾಲರ್‌ಗಳಲ್ಲಿ ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಲಾಕ್ ಆಗಿರುತ್ತದೆ. ಎಡ ಬಲ ಚಕ್ರಗಳು ಒಂದೇ ವೇಗದಲ್ಲಿ ತಿರುಗುವುದರಿಂದ ಗಾಡಿ ಅಗಲವಾಗಿ ಸುತ್ತುತ್ತದೆ. ಮೊದಲು ಸಮ ನೆಲದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಹೊಡೆಸಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ. ನನ್ನ ಹಳೇ ದಾರಿಯಲ್ಲಿ ಈ ಲೆಕ್ಕ ಇರಲಿಲ್ಲ. ಒಂದು ತಿರುವಲ್ಲಿ ಪ್ರತಿ ಸಲ ಕೈಯಲ್ಲಿ ಎತ್ತಿಡಬೇಕಾಗುತ್ತಿತ್ತು.

ಉತ್ತರ 2
ಸೇತುವೆಗೆ ಹಲಗೆ ಹಾಕುವುದಾದರೆ ಮೇಲೆ ಬಣ್ಣ ಹಚ್ಚಿ, ಹಸಿ ಇರುವಾಗಲೇ ಮರಳು ಉದುರಿಸಿ. ಒದ್ದೆ ಮರದ ಮೇಲೆ ರಬ್ಬರ್ ಟೈರ್ ಜಾರುತ್ತದೆ.

ನನಗೆ ತುಂಬ ಇಷ್ಟ ಆದದ್ದು ಸೀಸಾ, ಅಂದರೆ ಕೀಲಿನ ಮೇಲೆ ಆ ಕಡೆ ಈ ಕಡೆ ವಾಲುವ ಹಲಗೆ. ಅದರ ಕೀಲು ಸರಿಯಾಗಿ ನಡುವೆ ಇರಬಾರದು. ನಡುವೆ ಇದ್ದರೆ ಗಾಡಿ ದಾಟಿದ ಮೇಲೆ ಹಲಗೆ ಆಚೆ ಬದಿಗೇ ಬಿದ್ದಿರುತ್ತದೆ, ಮುಂದಿನ ಗಾಡಿಗೆ ಹತ್ತುವ ತುದಿ ಗಾಳಿಯಲ್ಲಿ. ಕೀಲನ್ನು ಆಚೆ ತುದಿಯ ಕಡೆಗೆ ಸ್ವಲ್ಪ ಸರಿಸಿ. ಈಚೆ ಬದಿ ಭಾರ ಆಗಿ ತಾನಾಗಿ ವಾಪಸ್ ಬರುತ್ತದೆ. ಎರಡೂ ತುದಿಯ ಕೆಳಗೆ ಹಳೇ ಟ್ಯೂಬಿನ ತುಂಡು ಇಡಿ, ಇಲ್ಲದಿದ್ದರೆ ಹಲಗೆ ದಢ್ ಅಂತ ಬಡಿಯುತ್ತದೆ.

ಉತ್ತರ 3
ನೀರಿನ ಹೊಂಡ ಮಾತ್ರ ಬೇಡ ಅನ್ನುತ್ತೇನೆ. ಎಲೆಕ್ಟ್ರಾನಿಕ್ಸ್ ವಾಟರ್‌ಪ್ರೂಫ್ ಅಂದ ಮಾತ್ರಕ್ಕೆ ಬೇರಿಂಗ್ ವಾಟರ್‌ಪ್ರೂಫ್ ಅಲ್ಲ, ಅಲ್ವಾ? ನನ್ನ ಗಾಡಿಯ ಬೇರಿಂಗ್‌ಗಳು ತುಕ್ಕು ಹಿಡಿದು ಕಿರ್ರ್ ಅನ್ನತೊಡಗಿದ ಮೇಲೆ ಹೊಂಡ ಮುಚ್ಚಿ ದುಂಡುಕಲ್ಲು ಹಾಸಿದೆ. ಮಳೆ ನೀರು ಹರಿದು ಹೋಗಲು ಇಡೀ ಜಾಗಕ್ಕೆ ಒಂದು ಕಡೆಗೆ ಸಣ್ಣ ಇಳಿಜಾರು ಕೊಡಿ.

ಉತ್ತರ 4
ಮಗಳ ಗಾಡಿ ಮರೆಯಬೇಡಿ. 1:24ರ ಆಕ್ಸಲ್‌ಗಳ ನಡುವೆ 13 ಸೆಂ.ಮೀ. ಆಸುಪಾಸು ಅಷ್ಟೇ. ನಿಮ್ಮ ಕಲ್ಲು ಅದಕ್ಕೆ ಬೆಟ್ಟ. ದೊಡ್ಡ ಕಲ್ಲುಗಳ ಬುಡದಲ್ಲೇ ಜಲ್ಲಿ ಮತ್ತು ಕಡ್ಡಿಗಳ ಕಿರುದಾರಿ ಮಾಡಿ. ಶುರುವಿನ ಗೇಟೂ ಕೊನೆಯ ಗೇಟೂ ಇಬ್ಬರಿಗೂ ಒಂದೇ ಇರಲಿ.

ಗೇಟ್ ಅಂದರೆ ಎರಡು ಕಡ್ಡಿ. ಗಾಡಿಯ ಅಗಲಕ್ಕಿಂತ 4-5 ಸೆಂ.ಮೀ. ಜಾಸ್ತಿ ಜಾಗ ಬಿಡಿ. ನಮ್ಮ ಮನೆಯ ಲೆಕ್ಕ ಹೀಗಿದೆ: ಕಡ್ಡಿ ಮುಟ್ಟಿದರೆ 10 ಅಂಕ, ಒಂದು ಸಲ ರಿವರ್ಸ್ ಹಾಕಿದರೆ 1. ಕಡಿಮೆ ಅಂಕದವರು ಗೆದ್ದ ಹಾಗೆ. ಮಕ್ಕಳು ಅವಸರ ಬಿಟ್ಟು, ಬಗ್ಗಿ ಚಕ್ರ ನೋಡಿ ಓಡಿಸಲು ಕಲಿತದ್ದು ಈ ಲೆಕ್ಕದಿಂದಲೇ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ತುಂಬ ಥ್ಯಾಂಕ್ಸ್. ಕೋಲಿಗೆ ಗುರುತು ಹಾಕಿ, ಹನ್ನೊಂದು ಕಲ್ಲು ಹೂತಿದ್ದೇನೆ. ಕಿರುದಾರಿಯ ಗೇಟ್‌ಗಳನ್ನು ಮಗಳೇ ನೆಡುತ್ತಿದ್ದಾಳೆ. ಸೀಸಾ ಭಾನುವಾರಕ್ಕೆ.