ಲೇಔಟ್ ನೀರಿಗೆ ಮೀಟರ್: ಮೊದಲು ಎಲ್ಲಿ ಹಾಕಬೇಕು?

ಪ್ರಶ್ನೆ: ನಮಸ್ಕಾರ ಸರ್. ಕಲಬುರಗಿ ರಿಂಗ್ ರೋಡ್ ಆಚೆ ನಮ್ಮ ಲೇಔಟ್. ಭೀಮಾ, ಬೆಣ್ಣೆತೊರಾ ನದಿಗಳ ನೀರು ನಮ್ಮ ತನಕ ಇನ್ನೂ ಬಂದಿಲ್ಲ. ಎರಡು ಬೋರ್, ಒಂದು ಟಾಕಿ, ಅಷ್ಟೇ. ಮೊದಲು ನಲವತ್ತು ಮನೆ ಇದ್ದವು, ಈಗ ನೂರು ದಾಟಿವೆ. ಎಲ್ಲರಿಗೂ ತಿಂಗಳಿಗೆ ಒಂದೇ ರೇಟು. ದಿನಾ ಕಾರು ತೊಳೆಯುವವರಿಗೂ ಅಷ್ಟೇ, ಇಬ್ಬರೇ ಇರುವ ವಯಸ್ಸಾದವರಿಗೂ ಅಷ್ಟೇ. ಏಪ್ರಿಲ್ ಬಂತೆಂದರೆ ಕೊನೆ ಸಾಲಿನ ನಳಕ್ಕೆ ನೀರೇ ಬರಲ್ಲ. ಮನೆಮನೆಗೆ ಮೀಟರ್ ಹಾಕಿದರೆ ಸರಿ ಹೋಗುತ್ತಾ?

ಉತ್ತರ (ನೀರು ಸರಬರಾಜು ಎಂಜಿನಿಯರ್): ಹಾಕಲೇಬೇಕು, ಆದರೆ ಮೊದಲ ಮೀಟರ್ ಟಾಕಿಯಿಂದ ಹೊರಗೆ ಹೋಗುವ ಪೈಪಿಗೆ ಹಾಕಿ. ಎಷ್ಟು ನೀರು ಬಿಟ್ಟಿರಿ ಅನ್ನುವುದೇ ಗೊತ್ತಿಲ್ಲದೆ ಮನೆ ಮೀಟರ್ ಓದಿ ಏನು ಮಾಡ್ತೀರಿ? ಆ ಮೀಟರ್ ಬರುವ ತನಕ ಒಂದು ಕೆಲಸ ಮಾಡಿ. ರಾತ್ರಿ ಎಲ್ಲರಿಗೂ ತಮ್ಮ ಮನೆ ಕನೆಕ್ಷನ್‌ನ ಗೇಟ್ ವಾಲ್ವ್ ಬಂದ್ ಮಾಡಲು ಹೇಳಿ, ಮೋಟಾರ್ ನಿಲ್ಲಿಸಿ, ಮೇನ್ ಲೈನ್ ತೆರೆದಿಟ್ಟು ಎರಡು ತಾಸು ಟಾಕಿಯ ಮಟ್ಟ ನೋಡಿ. ಟಾಕಿ ಒಳಗೆ 3 ಮೀಟರ್ ಉದ್ದ, 3 ಮೀಟರ್ ಅಗಲ ಇದ್ದು ನೀರು 10 ಸೆಂಟಿಮೀಟರ್ ಇಳಿದರೆ 900 ಲೀಟರ್ ಮಣ್ಣಿಗೆ ಹೋಯ್ತು ಅಂತ ಅರ್ಥ. ಆ ಸೋರಿಕೆ ಸರಿಪಡಿಸದೆ ಅದರ ಖರ್ಚನ್ನು ಮನೆಯವರ ಮೇಲೆ ಹಾಕಿದರೆ ಯಾರು ಒಪ್ಪುತ್ತಾರೆ ಹೇಳಿ?

ಆಮೇಲೆ ಮನೆ ಮೀಟರ್. ಕಾಂಪೌಂಡ್ ಹೊರಗೆ, ವಾಟರ್‌ಮನ್ ಓದುವ ಹಾಗೆ ಇರಲಿ. ಮುಳ್ಳಿನ ಪಕ್ಕ ಸಣ್ಣ ಚಕ್ರ ಇರುತ್ತಲ್ಲ, ಮನೆಯ ಎಲ್ಲ ನಳ, ಮನೆ ಟಾಕಿಯ ವಾಲ್ವ್ ಮುಚ್ಚಿದ ಮೇಲೂ ಅದು ತಿರುಗುತ್ತಿದ್ದರೆ ಆ ಮನೆಯೊಳಗೇ ಸೋರಿಕೆ ಇದೆ. ಬೋರ್ ನೀರಿನ ಸುಣ್ಣ, ಮರಳು ಮೀಟರಿನ ಬಾಯಲ್ಲಿರುವ ಜಾಲರಿಗೆ ಕಟ್ಟಿಕೊಂಡು ಮೀಟರ್ ಹಿಡಿದುಕೊಳ್ಳುತ್ತೆ, ಆಗಾಗ ಬಿಚ್ಚಿ ತೊಳೆಸಿ.

ಪ್ರಶ್ನೆ: ಪಕ್ಕದ ಲೇಔಟ್‌ನಲ್ಲಿ ನೀರು ಬರುವ ಮುಂಚೆಯೇ ಮೀಟರ್ ಗಿರಗಿರ ತಿರುಗುತ್ತೆ, ಗಾಳಿಗೆ ಬಿಲ್ ಬರುತ್ತೆ ಅಂತಾರೆ. ನಮ್ಮ ಜನ ಹೆದರಿರೋದು ಅದಕ್ಕೇ. ರೇಟು ಹೇಗಿಡೋದು ಸರ್?

ಉತ್ತರ: ಆ ಭಯ ಸುಳ್ಳಲ್ಲ. ದಿನಕ್ಕೆ ಒಂದು ಹೊತ್ತು ನೀರು ಬಿಟ್ಟರೆ ಉಳಿದ ಹೊತ್ತು ಖಾಲಿ ಪೈಪಿನಲ್ಲಿ ಗಾಳಿ ತುಂಬುತ್ತೆ, ನೀರು ಅದನ್ನು ಮೀಟರ್ ಮೂಲಕವೇ ತಳ್ಳುತ್ತೆ. ಲೈನಿನ ಎತ್ತರದ ಜಾಗದಲ್ಲಿ ಗಾಳಿ ಹೊರಗೆ ಬಿಡುವ ಏರ್ ವಾಲ್ವ್ ಹಾಕಿಸಿ, ಮೇನ್ ವಾಲ್ವ್ ನಿಧಾನವಾಗಿ ತೆರೆಯಲು ವಾಟರ್‌ಮನ್‌ಗೆ ಹೇಳಿ. ಲೈನಿಗೇ ಮೋಟಾರ್ ಹಚ್ಚಿ ಎಳೆಯುವವರನ್ನು ಮಾತ್ರ ಬಿಡಬೇಡಿ, ಕೊನೆ ಸಾಲಿನವರ ನೀರು ಹೋಗೋದು ಅಲ್ಲೇ.

ರೇಟಿನಲ್ಲಿ ಎರಡು ಭಾಗ ಇರಲಿ. ವಾಟರ್‌ಮನ್ ಸಂಬಳ, ರಿಪೇರಿ ಎಲ್ಲರಿಗೂ ಸಮ, ಕರೆಂಟ್ ಖರ್ಚು ಬಳಸಿದ ಲೀಟರಿಗೆ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ಐದು ಜನರ ಮನೆಗೆ ತಿಂಗಳಿಗೆ ಸುಮಾರು 20,000 ಲೀಟರ್ ಬೇಕು. ಅಲ್ಲಿವರೆಗೆ ಕಡಿಮೆ ರೇಟು, ಮೇಲೆ ಹೋದಷ್ಟೂ ಜಾಸ್ತಿ. ಹೊಸ ಮನೆಗಳ ಕನೆಕ್ಷನ್ ದುಡ್ಡು ಬೇರೆ ಖಾತೆಯಲ್ಲಿಡಿ. ನಮ್ಮ ಕಡೆ ಕರಿಕಲ್ಲಿನ ಬಿರುಕಿನಲ್ಲಿ ನೀರು, ಪಕ್ಕದಲ್ಲೇ ಮೂರನೇ ಬೋರ್ ಕೊರೆದರೆ ಹಳೆಯದರ ನೀರನ್ನೇ ಎಳೆಯಬಹುದು. ಆದ್ದರಿಂದ ಬೋರಿನ ನೀರಿನ ಮಟ್ಟ, ಮೋಟಾರ್ ಓಡಿದ ತಾಸು ಇವತ್ತಿನಿಂದಲೇ ಬರೆದಿಡಲು ಶುರು ಮಾಡಿ.