ಹಳೆಯ ಮಿಲಿಟರಿ ಜೀಪಿಗೆ ಕೀ ಸ್ವಿಚ್ ಹಾಕಿಸಬಹುದೇ?

ಪ್ರಶ್ನೆ (ಕೋಥರೂಡ್, ಪುಣೆ):
ಅಣ್ಣಾವರಿಗೆ ನಮಸ್ಕಾರ. ಸೋದರಮಾವನಿಂದ ನನ್ನ ಪಾಲಿಗೆ ಬಂದ, ಎರಡನೇ ಮಹಾಯುದ್ಧದ ಕಾಲದ ಫೋರ್ಡ್ ಜೀಪು ನಮ್ಮಲ್ಲಿದೆ. 6 ವೋಲ್ಟ್ ಇದ್ದದ್ದನ್ನು ಮಾವ ಹಿಂದೆಯೇ 12 ವೋಲ್ಟ್ ಮಾಡಿಸಿದ್ದರು. ಇಗ್ನಿಷನ್‌ಗೆ ಕೀಲಿಕೈಯೇ ಇಲ್ಲ. ಡ್ಯಾಶ್‌ಬೋರ್ಡಿನ ಹಿಡಿ ತಿರುಗಿಸಿ, ಕಾಲ ಬಳಿಯ ಗುಂಡಿ ತುಳಿದರೆ ಸೆಲ್ಫ್ ತಿರುಗುತ್ತದೆ. ಸೊಸೈಟಿಯ ಮಕ್ಕಳು ಹತ್ತಿ ಕುಳಿತು ಹಿಡಿ ತಿರುಗಿಸಿಟ್ಟು ಹೋಗುತ್ತಾರೆ. ಒಮ್ಮೆ ಕಿಡಿ ಹುಟ್ಟಿಸುವ ಕಾಯಿಲ್ ಮುಟ್ಟಲಾಗದಷ್ಟು ಕಾದಿತ್ತು, ಇನ್ನೊಮ್ಮೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ನಾನಾ ಪೇಠೆಯ ಕಡೆಯ ಮೆಕ್ಯಾನಿಕ್ ಒಬ್ಬರು ಕಾರಿನ ಸ್ವಿಚ್ಚನ್ನು ಸ್ಟೀರಿಂಗ್ ಲಾಕ್ ಸಮೇತ ಕೂರಿಸಿಕೊಡುತ್ತೇನೆ, ಡ್ಯಾಶ್‌ಬೋರ್ಡಿಗೆ ಒಂದು ತೂತು ಕೊರೆದರೆ ಸಾಕು ಎನ್ನುತ್ತಾರೆ. ಒಪ್ಪಲೇ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಖಡಕಿ):
ತೂತು ಬೇಡ. ಸ್ಟೀರಿಂಗ್ ಲಾಕ್ ಅಂತೂ ಬೇಡವೇ ಬೇಡ. ಕಾರಿನ ಸ್ಟೀರಿಂಗ್ ದಂಡದಲ್ಲಿ ಆ ಲಾಕಿನ ನಾಲಿಗೆ ಕೂರಲು ಕಾರ್ಖಾನೆಯಲ್ಲೇ ಕಚ್ಚು ಮಾಡಿರುತ್ತಾರೆ. ನಿಮ್ಮ ಜೀಪಿನಲ್ಲಿ ಅದಿಲ್ಲ. ಬಳೆಯೊಂದನ್ನು ವೆಲ್ಡ್ ಮಾಡಿ ಕೂರಿಸಿದ ಲಾಕು ಖಂಬಾಟಕಿ ಘಾಟಿನ ತಿರುವಿನಲ್ಲಿ ತಾನಾಗಿಯೇ ಬಿದ್ದರೆ ಗತಿಯೇನು?

ಇದಕ್ಕೆ ಕೀಲಿಕೈ ಏಕಿಲ್ಲ ಎಂಬುದನ್ನೂ ಹೇಳುತ್ತೇನೆ. ಆರಂಭದ ಜೀಪುಗಳಲ್ಲಿ ಕೀಲಿಕೈ ಇತ್ತು. ಆದರೆ ಎಲ್ಲಕ್ಕೂ ಒಂದೇ ನಮೂನೆ, ಎಚ್-700. ಯಾವ ಚಾಲಕ ಯಾವ ಗಾಡಿ ಹತ್ತುತ್ತಾನೋ ಗೊತ್ತಿಲ್ಲದ ಸೇನೆಯಲ್ಲಿ ಗಾಡಿಗೊಂದು ಕೀಲಿಕೈ ಇಟ್ಟುಕೊಂಡು ಕೂರಲಾಗದು. ಯುದ್ಧದ ನಡುವೆ ಅದನ್ನೂ ಕೈಬಿಟ್ಟು ಹಿಡಿ ಕೊಟ್ಟರು. ಈಗಲೂ ಎಚ್-700 ಮಾದರಿಯ ಹೊಸ ಸ್ವಿಚ್ ಮಾರಾಟಕ್ಕೆ ಸಿಗುತ್ತದೆ, ನೋಡಲು ಚೆನ್ನಾಗಿದೆ, ಹಳೆಯ ಜಾಗದಲ್ಲೇ ಕೂರುತ್ತದೆ. ಮಕ್ಕಳ ಕಾಟಕ್ಕೆ ಅದು ಸಾಕು. ಆದರೆ ಅದೇ ನಂಬರಿನ ಕೀಲಿಕೈ ಇನ್ನೂ ಎಷ್ಟು ಜನರ ಕೈಯಲ್ಲಿದೆಯೋ! ಕಳ್ಳನಿಗೆ ಅದು ತಡೆಯಲ್ಲ.

ಈಗ ಕೆಲಸಕ್ಕೆ ಬರೋಣ. ನಿಮ್ಮ ಅದೃಷ್ಟಕ್ಕೆ ಈ ಜೀಪಿನ ವೈರಿಂಗ್ ಸರಳ. ಸೆಲ್ಫ್ ಮೋಟಾರಿನ ನೂರಾರು ಆಂಪಿಯರ್ ಕರೆಂಟು ದಪ್ಪ ಕೇಬಲ್‌ನಲ್ಲಿ ನೇರವಾಗಿ ಕಾಲಿನ ಗುಂಡಿಯ ಮೂಲಕ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೂ ಅದಕ್ಕೂ ಸಂಬಂಧವಿಲ್ಲ. ಸ್ವಿಚ್ಚು ನಡೆಸುವುದು ಕಾಯಿಲ್ ಮತ್ತು ಪೆಟ್ರೋಲ್ ಮೀಟರನ್ನು ಮಾತ್ರ, ಸುಮಾರು ನಾಲ್ಕು ಆಂಪಿಯರ್. ಆದ್ದರಿಂದ ಆನ್, ಆಫ್ ಎರಡೇ ಸ್ಥಾನದ ಕೀ ಸ್ವಿಚ್ ಸಾಕು. ಕಾಲಿನ ಗುಂಡಿಯನ್ನು ಹಾಗೆಯೇ ಬಿಡಿ. ಅದನ್ನು ತೆಗೆದು ಕೀಲಿಕೈಯಲ್ಲೇ ಸೆಲ್ಫ್ ಹೊಡೆಯುವಂತೆ ಮಾಡಿಸಿಕೊಳ್ಳುವವರಿದ್ದಾರೆ, ನನಗೆ ಅದು ಹಿಡಿಸುವುದಿಲ್ಲ. ಮಾಡಿಸಲೇಬೇಕೆಂದರೆ ಸೆಲ್ಫಿನ ಭಾರಿ ಕರೆಂಟನ್ನು ಜೋಡಿಸುವ ವಿದ್ಯುತ್ಕಾಂತದ ಸ್ವಿಚ್ಚು, ಅಂದರೆ ಸಾಲಿನಾಯ್ಡ್ ಬೇಕು, ಅದರ ಮುಂದೆ ಸಣ್ಣ ಕರೆಂಟಿನಲ್ಲೇ ಅದನ್ನು ನಡೆಸುವ ರಿಲೇ ಬೇಕು. ಸಾಲಿನಾಯ್ಡ್ ಎಳೆಯುವ ಕರೆಂಟನ್ನು ಸಣ್ಣ ಕೀ ಸ್ವಿಚ್ಚಿನ ಮೇಲೆ ಹೇರಿದರೆ ಒಳಗಿನ ಪಾಯಿಂಟು ಸುಟ್ಟು ಕಪ್ಪಾಗುತ್ತದೆ.

ಮೊದಲು ಬ್ಯಾಟರಿಯ ಅರ್ಥ್ ತುದಿ, ಅಂದರೆ ಗಾಡಿಯ ಮೈಗೆ ಜೋಡಿಸಿದ ತುದಿ ಬಿಚ್ಚಿ. ಯುದ್ಧಕಾಲದ ಜೀಪು ಮಾಡಿದ ಫೋರ್ಡ್, ವಿಲ್ಲೀಸ್ ಎರಡಕ್ಕೂ ನೆಗೆಟಿವ್ ಅರ್ಥ್. ಆದರೆ ಬಿಚ್ಚುವ ಮುನ್ನ ಕಣ್ಣಾರೆ ನೋಡಿಕೊಳ್ಳಿ, ಏಕೆಂದರೆ ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಸಾಮಾನ್ಯವಾಗಿತ್ತು. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿದಾಗ ಬಟ್ಟೆ ಸುತ್ತಿದ ಹಳೆಯ ವೈರು ಸಿಕ್ಕಿದರೆ ಎಳೆಯಬೇಡಿ. ಬಾಗಿಸಿದಲ್ಲೇ ಹೊದಿಕೆ ಹಪ್ಪಳದಂತೆ ಮುರಿದು ಉದುರುತ್ತದೆ, ಒಳಗಿನ ತಾಮ್ರ ಹಸಿರುಗಟ್ಟಿರುತ್ತದೆ. ಒಂದೊಂದೇ ವೈರಿಗೆ ಟೇಪ್ ಸುತ್ತಿ ಗುರುತು ಬರೆದು ಬಿಚ್ಚಿ. ಯಾವುದು ಸಪ್ಲೈ ವೈರು ಎಂಬ ಅನುಮಾನ ಬಂದರೆ ಬ್ಯಾಟರಿಯನ್ನು ಮತ್ತೆ ಜೋಡಿಸಿ, ಹಿಡಿ ಆಫ್ ಇರುವಾಗ ಟೆಸ್ಟ್ ಲ್ಯಾಂಪ್ ಮುಟ್ಟಿಸಿ. ಆಗಲೂ ದೀಪ ಹತ್ತಿದ ತುದಿಯೇ ಆಮ್‌ಮೀಟರಿನಿಂದ ಬರುವ ಸಪ್ಲೈ. ಅದನ್ನು ಹೊಸ ಸ್ವಿಚ್ಚಿನ ಬ್ಯಾಟರಿ ತುದಿಗೂ ಉಳಿದವನ್ನು ಇಗ್ನಿಷನ್ ತುದಿಗೂ ಕೊಡಿ. ತುದಿಗಳ ಮೇಲೆ ಹೆಸರಿನ ಬದಲು ಅಂಕಿಗಳಿದ್ದರೆ 30 ಬ್ಯಾಟರಿ, 15 ಇಗ್ನಿಷನ್, 50 ಸೆಲ್ಫ್. ನಿಮಗೆ 50 ಬೇಡ. ಸಪ್ಲೈಗೆ 2.5 ಚದರ ಮಿಲಿಮೀಟರ್ ವೈರು ಹಾಕಿ, ನಡುವೆ 15 ಆಂಪಿಯರ್ ಫ್ಯೂಸ್ ಇರಲಿ, ಜೇಬಿನಲ್ಲಿ ಇನ್ನೊಂದು ಇರಲಿ.

ಕಾಯಿಲ್ ಕಾದದ್ದಕ್ಕೆ ಮಕ್ಕಳನ್ನಷ್ಟೇ ದೂರಬೇಡಿ. ಎಂಜಿನ್ ನಿಂತಾಗ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗಿನ ಪಾಯಿಂಟು ಮುಚ್ಚಿದ್ದರೆ ಕರೆಂಟು ಬಿಡುವಿಲ್ಲದೆ ಹರಿಯುತ್ತದೆ, ತೆರೆದಿದ್ದರೆ ಇಲ್ಲ. ಅದು ನಿಂತ ಗಳಿಗೆಯ ಮಾತು. ಆದರೆ 12 ವೋಲ್ಟ್ ಮಾಡಿಸಿದಾಗ ಕಾಯಿಲ್ ಬದಲಿಸಿದ್ದಾರೆಯೇ? ವೈರು ಬಿಚ್ಚಿ, ಎರಡು ಸಣ್ಣ ತುದಿಗಳ ನಡುವೆ ಮೀಟರ್ ಇಟ್ಟು ನೋಡಿ. ಮೂರು ಓಮ್ ಆಸುಪಾಸು ಬಂದರೆ ಸರಿ. ಒಂದೂವರೆ ಬಂದರೆ ಸಾಲಿನಲ್ಲಿ ಕರೆಂಟು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರಲೇಬೇಕು. ಇಲ್ಲದಿದ್ದರೆ ಓಡುವಾಗಲೂ ಕಾಯಿಲ್ ಬೇಯುತ್ತಿರುತ್ತದೆ.

ಕೋಥರೂಡ್:
ತುಂಬಾ ಉಪಕಾರವಾಯಿತು ಅಣ್ಣಾವರೇ. ಹಿಡಿಯ ಹಿಂಬದಿಯಲ್ಲಿ ಬೆರಳುದ್ದದ ತಗಡಿನ ಡಬ್ಬಿಯೊಂದು ವೈರಿಗೆ ಕಟ್ಟಿದೆ. ಬಿಸಾಡಲೇ? ಮತ್ತೆ, ಕಳ್ಳರಿಗೆ ಏನು ಮಾಡಲಿ?

ಉತ್ತರ:
ಬಿಸಾಡಬೇಡಿ! ಇಗ್ನಿಷನ್ನಿನ ಗರಗರ ಸದ್ದು ರೇಡಿಯೋದಲ್ಲಿ ಕೇಳಿಸದಿರಲೆಂದು ಸೇನೆ ಹಾಕಿದ ಕಂಡೆನ್ಸರ್ ಅದು. ಹಾಗೆ ಸಜ್ಜಾದ ಗಾಡಿಗಳ ಬಾನೆಟ್ಟಿನ ನಂಬರಿನ ಕೊನೆಯಲ್ಲಿ ಎಸ್ ಅಕ್ಷರ ಬರೆಯುತ್ತಿದ್ದರು, ಹಳೆಯ ಬಣ್ಣದ ಪದರದಡಿ ಸಿಕ್ಕರೂ ಸಿಕ್ಕೀತು. ಅದರ ಮೈ ಅರ್ಥ್ ಆಗಿರುತ್ತದೆ. ಒಳಗೆ ಶಾರ್ಟ್ ಆಗಿದ್ದರೆ ಹೊಸ ಫ್ಯೂಸ್ ಹಾಕಿದ ಕೂಡಲೇ ಹಾರುತ್ತದೆ. ಆಗ ವೈರು ಮಾತ್ರ ಬಿಡಿಸಿ, ಡಬ್ಬಿ ಅಲ್ಲೇ ಇರಲಿ.

ಕಳ್ಳರ ಮಾತಿಗೆ: ಯಾವ ಕೀ ಸ್ವಿಚ್ಚೂ ಇಂಥ ಗಾಡಿಯನ್ನು ಕಾಯದು. ಬಾನೆಟ್ ಎತ್ತಿ ಬ್ಯಾಟರಿಯಿಂದ ಕಾಯಿಲ್‌ಗೆ ಗೇಣುದ್ದದ ವೈರು ಮುಟ್ಟಿಸಿದರೆ ಮುಗಿಯಿತು, ಕಾಲಿನ ಗುಂಡಿ ಹೇಗೂ ತೆರೆದೇ ಇದೆ. ನಾನಾದರೆ ಹಳೆಯ ಹಿಡಿಯನ್ನೇ ಉಳಿಸಿಕೊಂಡು, ಸೀಟಿನ ಕೆಳಗೆ ಕಣ್ಣಿಗೆ ಬೀಳದಂತೆ ಬ್ಯಾಟರಿ ಕಟ್-ಆಫ್ ಸ್ವಿಚ್ ಹಾಕುತ್ತೇನೆ. ಅದರ ಕೆಂಪು ಹಿಡಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರೆ ಮಕ್ಕಳು ಏನು ತಿರುಗಿಸಿದರೂ ಕರೆಂಟೇ ಇರುವುದಿಲ್ಲ. ಸೆಲ್ಫಿನ ಕರೆಂಟೂ ಅದರ ಮೂಲಕವೇ ಹೋಗುವುದರಿಂದ ಅಗ್ಗದ ಮಾಲು ಬೇಡ. ಜೊತೆಗೆ ಸ್ಟೀರಿಂಗ್ ಚಕ್ರಕ್ಕೂ ಪೆಡಲಿಗೂ ಸೇರಿಸಿ ಒಂದು ಸರಪಳಿ.

ಪ್ರಶ್ನೆ (ಮಡಗಾಂವ್, ಗೋವಾ):
ಸರ್, ನಮ್ಮದು ಸೇನೆಯ ಹರಾಜಿನ ಜೀಪು. ಪೆಟ್ರೋಲ್ ಎಂಜಿನ್ ತೆಗೆದು ಪ್ಯೂಜೊ ಡೀಸೆಲ್ ಎಂಜಿನ್ ಹಾಕಿದ್ದಾರೆ. ಕೀ ಸ್ವಿಚ್ ಹಾಕಿಸಿದೆ, ಕೀಲಿಕೈ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ.

ಉತ್ತರ:
ಡೀಸೆಲ್‌ಗೆ ಕಿಡಿ ಬೇಡವಲ್ಲ! ಪಂಪು ಎಣ್ಣೆ ಕೊಡುವವರೆಗೂ ಅದು ಓಡುತ್ತಲೇ ಇರುತ್ತದೆ. ಪಂಪಿನ ಮೇಲೆ ಎಣ್ಣೆ ತಡೆಯುವ ವಿದ್ಯುತ್ ಸಾಲಿನಾಯ್ಡ್ ಇದ್ದರೆ ಅದರ ವೈರನ್ನು ಇಗ್ನಿಷನ್ ತುದಿಗೆ ಕೊಡಿ. ಬರೀ ಲಿವರ್ ಇದ್ದರೆ ನಿಲ್ಲಿಸಲು ಎಳೆಯುವ ಕೇಬಲ್ಲೇ ಗತಿ, ಅದು ಕೆಡುವುದೂ ಕಡಿಮೆ. ತಣ್ಣಗಿನ ಎಂಜಿನ್ ಹತ್ತಲೆಂದು ಒಳಗೆ ಕಾಯಿಸುವ ಗ್ಲೋ ಪ್ಲಗ್‌ಗಳನ್ನು ಕೀ ಸ್ವಿಚ್ಚಿನಿಂದ ನೇರ ನಡೆಸಬೇಡಿ. ನಾಲ್ಕೂ ಸೇರಿ ನಲವತ್ತು ಆಂಪಿಯರ್ ಹತ್ತಿರ ಎಳೆಯುತ್ತವೆ, ದೊಡ್ಡ ರಿಲೇ ಬೇಕು. ನಿಮ್ಮ ಉಪ್ಪುಗಾಳಿಗೆ ತುದಿಗಳಿಗೆಲ್ಲ ಗ್ರೀಸ್ ಬಳಿಯಿರಿ.

ಪ್ರಶ್ನೆ (ಠಾಣೆ):
ಸರ್, ಕೀಲಿಕೈ ಇಲ್ಲದ ಗಾಡಿ ಕಳುವಾದರೆ ವಿಮೆಯವರು ಹಣ ಕೊಡುತ್ತಾರೆಯೇ? ನಮ್ಮ ಯಜಮಾನರು ಸೇನೆಯ 24 ವೋಲ್ಟ್ ಗಾಡಿಯೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದಾರೆ.

ಉತ್ತರ:
ಕಳುವಿನ ಕ್ಲೇಮಿಗೆ ವಿಮೆಯವರು ಸಾಮಾನ್ಯವಾಗಿ ಎರಡೂ ಕೀಲಿಕೈ ಕೇಳುತ್ತಾರೆ ಅಮ್ಮಾ. ಪಾಲಿಸಿ ಮಾಡಿಸುವಾಗಲೇ ಡ್ಯಾಶ್‌ಬೋರ್ಡಿನ ಫೋಟೋ ಸಮೇತ ಬರವಣಿಗೆಯಲ್ಲಿ ತಿಳಿಸಿಬಿಡಿ, ಕೀ ಸ್ವಿಚ್ ಹಾಕಿಸಿದರೆ ಬಿಲ್ಲು ಎತ್ತಿಡಿ. ಐವತ್ತು ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಅಲ್ಲಿ ನೋಡುವುದು ಚಾಸಿಸ್, ಬಾಡಿ, ಎಂಜಿನ್ ಮೂಲದಂತೆ ಇವೆಯೇ ಎಂದು. ಆದರೆ ವಿಂಟೇಜ್ ಗಾಡಿಯಲ್ಲಿ ದಿನಾ ಮಾರುಕಟ್ಟೆಗೆ ಹೋಗುವಂತಿಲ್ಲ.

24 ವೋಲ್ಟ್ ಎಂದರೆ ಎರಡು ಬ್ಯಾಟರಿಗಳ ಸಾಲು. ರಿಲೇ, ದೀಪ ಎಲ್ಲವೂ 24ರದ್ದೇ ಆಗಿರಬೇಕು. ಮ್ಯೂಸಿಕ್ ಸಿಸ್ಟಮ್‌ಗೆಂದು ನಡುವಿನಿಂದ 12 ವೋಲ್ಟ್ ಎಳೆಯಲು ಯಜಮಾನರನ್ನು ಬಿಡಬೇಡಿ. ಒಂದು ಬ್ಯಾಟರಿ ಬರಿದಾಗುತ್ತದೆ, ಇನ್ನೊಂದು ಚಾರ್ಜ್ ಜಾಸ್ತಿಯಾಗಿ ಕುದಿಯುತ್ತದೆ.

ಪ್ರಶ್ನೆ (ಹಡಪ್ಸರ್, ಪುಣೆ):
ಅಣ್ಣಾ, ನನ್ನದು ಪೆಟ್ರೋಲ್ ಜೀಪೇ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದ ಮೇಲೆ ಕೀ ಆಫ್ ಮಾಡಿದರೂ ಎಂಜಿನ್ ಓಡುತ್ತಲೇ ಇರುತ್ತದೆ. ಸ್ವಿಚ್ ಎರಡು ಸಲ ಬದಲಿಸಿದೆ.

ಉತ್ತರ:
ಸ್ವಿಚ್ಚಿನದು ತಪ್ಪಿಲ್ಲ, ಹಳೆಯದನ್ನೇ ಹಾಕಿಕೊಳ್ಳಿ. ಆಲ್ಟರ್ನೇಟರಿನ ಚಾರ್ಜಿಂಗ್ ದೀಪದ ತುದಿಯನ್ನು ದೀಪವಿಲ್ಲದೆ ನೇರ ಇಗ್ನಿಷನ್ ತುದಿಗೆ ಜೋಡಿಸಿರಬೇಕು. ಕೀ ಆಫ್ ಮಾಡಿದ ಮೇಲೂ ತಿರುಗುತ್ತಿರುವ ಆಲ್ಟರ್ನೇಟರ್ ಅದೇ ವೈರಿನಲ್ಲಿ ಹಿಂದಕ್ಕೆ ಕರೆಂಟು ಕಳಿಸಿ ಕಾಯಿಲನ್ನು ಸಾಕುತ್ತದೆ. ಆ ವೈರಿನ ನಡುವೆ ಎರಡು ವ್ಯಾಟಿನ ದೀಪ ಹಾಕಿ, ಇಲ್ಲವೇ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಮೂರು ಆಂಪಿಯರಿನ ಡಯೋಡ್ ಬೆಸುಗೆ ಹಾಕಿ. ಡಯೋಡಿನ ಮೈಮೇಲಿನ ಪಟ್ಟೆ ಆಲ್ಟರ್ನೇಟರ್ ಕಡೆಗೆ ಇರಲಿ.