ಚೀನೀ ವಿದ್ವಾಂಸರ ಮೇಜಿನ ಜೇಡ್ ಬೆಟ್ಟ: ಆ ಕಂದು ಬಣ್ಣ ಯಾಕೆ ಬಿಟ್ಟಿದ್ದಾರೆ?

ಕುಂಚಪ್ರಿಯೆ:
ಚೀನಾದ ಚಿಂಗ್ ವಂಶದ ರಾಜರ ಕಾಲದ ಜೇಡ್ (ಬೆಲೆಬಾಳುವ ಗಟ್ಟಿ ಕಲ್ಲು) ಕೆತ್ತನೆಗಳ ಫೋಟೋ ನೋಡುತ್ತಿದ್ದೆ. ಎಲ್ಲವೂ ಬರೆಯುವ ಮೇಜಿಗೆಂದೇ ಮಾಡಿದವು. ಕುಂಚ ತೊಳೆಯುವ ಬಟ್ಟಲು, ಕುಂಚ ಒರಗಿಸುವ ಸ್ಟ್ಯಾಂಡ್, ಕಾಗದ ಹಾರದಂತೆ ಇಡುವ ತೂಕ, ಇವೆಲ್ಲ ಅರ್ಥವಾದವು. ಬೆಟ್ಟದ ಆಕಾರದ ಒಂದು ಕೆತ್ತನೆ ಮಾತ್ರ ಕಾಡುತ್ತಿದೆ. ಪೈನ್ ಮರ, ಪುಟ್ಟ ಸೇತುವೆ, ಕೋಲು ಹಿಡಿದು ಹತ್ತುವ ಮುದುಕ. ಕಲ್ಲು ಬೆಣ್ಣೆಯಂಥ ಬಿಳಿ, ಆದರೆ ಒಂದು ಪಕ್ಕ ಪೂರ್ತಿ ಕಂದು. ಯಾಕೆ ತೆಗೆಯಲಿಲ್ಲ? ಈ ಬೆಟ್ಟದಿಂದ ಏನು ಉಪಯೋಗ?

ಕಲ್ಲುನೋಟ:
ಅದು ಕೊಳೆಯ ಕಲೆ ಅಲ್ಲ ಮೇಡಂ, ಕಲ್ಲಿನ ಸಿಪ್ಪೆ. ಈಗಿನ ಚೀನಾದ ಪಶ್ಚಿಮ ತುದಿಯ ಖೋತಾನಿನ ನದಿಗಳಲ್ಲಿ ಸಿಗುವ ಉಂಡೆಕಲ್ಲಿನ ಹೊರಮೈಗೆ ಕಬ್ಬಿಣದ ಅಂಶ ಇಳಿದು ಹೀಗಾಗುತ್ತದೆ. ಒಳ್ಳೆಯ ಕೆಲಸಗಾರ ಅದನ್ನು ಬಂಡೆಗೋ ಒಣಗಿದ ಎಲೆಗೋ ಉಳಿಸಿಕೊಳ್ಳುತ್ತಾನೆ. ನನಗಂತೂ ಜೇಡ್ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಜಾಣತನ ಕಾಣಿಸಿಲ್ಲ. ಪೂರ್ತಿ ಬಿಳಿ ಮಾಡಲು ಹೋದರೆ ಕಲ್ಲೂ ಸಣ್ಣದಾಗುತ್ತದೆ, ಬೆಟ್ಟದ ರೂಪವೂ ಹೋಗುತ್ತದೆ.

ಉಪಯೋಗ? ನೋಡುವುದೇ ಉಪಯೋಗ. ಕಚೇರಿ ಕೆಲಸ ಬಿಟ್ಟು ಬೆಟ್ಟಕ್ಕೆ ಹೋಗಲಾಗದ ಅಧಿಕಾರಿ, ಬರೆಯುವುದನ್ನು ನಿಲ್ಲಿಸಿ ಸುಮ್ನೆ ಅದರ ದಾರಿಯಲ್ಲಿ ಕಣ್ಣಾಡಿಸುತ್ತಿದ್ದ. 1759ರಲ್ಲಿ ಖೋತಾನ್ ಪ್ರದೇಶ ಚಿಂಗ್ ವಂಶದ ಚಿಯಾನ್‌ಲಾಂಗ್ ಚಕ್ರವರ್ತಿಯ ಕೈಗೆ ಬಂತು. ಆಮೇಲೆ ಕಲ್ಲು ಜಾಸ್ತಿ ಬರತೊಡಗಿತು, ಬೆಟ್ಟಗಳೂ ದೊಡ್ಡದಾದವು. 1787ರಲ್ಲಿ ಮುಗಿದ ಒಂದು ಈಗಲೂ ಬೀಜಿಂಗ್ ಅರಮನೆಯಲ್ಲಿದೆ. ಪೌರಾಣಿಕ ರಾಜ ಯೂ ಪ್ರವಾಹ ತಡೆಯುವ ದೃಶ್ಯ. ಎತ್ತರ 2 ಮೀಟರಿಗೂ ಹೆಚ್ಚು. ಕೆತ್ತಿದ್ದು ಯಾಂಗ್‌ಝೌ ಊರಿನಲ್ಲಿ.

ಸಾಣೆಚಕ್ರ:
ಕೆತ್ತಿದ್ದು ಅನ್ನುತ್ತೇವೆ, ನಿಜಕ್ಕೂ ಅದು ಸವೆಸಿದ್ದು. ಕಲ್ಲುಗಳ ಗಡಸುತನ ಅಳೆಯುವ, ವಜ್ರಕ್ಕೆ 10 ಕೊಡುವ ಮೋಸ್ ಮಾಪಕದಲ್ಲಿ ಈ ಜೇಡ್‌ನ ಗಡಸುತನ 6ರಿಂದ 6.5. ಮಾಮೂಲಿ ಉಕ್ಕಿನ ಚಾಕು ಇಳಿಯುವುದಿಲ್ಲ. ಕಾಲಿನಲ್ಲಿ ತುಳಿದು ಕಬ್ಬಿಣದ ಬಿಲ್ಲೆ ತಿರುಗಿಸಿ, ಜೇಡ್‌ಗಿಂತ ಗಟ್ಟಿಯಾದ ಮರಳನ್ನು ನೀರಿನ ಜೊತೆ ಹಾಕಿ ತೇಯುತ್ತಿದ್ದರು. ಆ ಮುದುಕನ ಗಡ್ಡದ ಒಂದೊಂದು ಗೆರೆಯೂ ಹಾಗೆ ಬಂದದ್ದು. ಒಳಗಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಕಲ್ಲು ಸುಲಭಕ್ಕೆ ಒಡೆಯುವುದೂ ಇಲ್ಲ.

ಕುಂಚಪ್ರಿಯೆ:
ಹಾಗಾದರೆ ಕಂದು ಇದ್ದರೆ ನದಿಯ ಕಲ್ಲು ಅಂತ ನಂಬಬಹುದು, ಅಲ್ವಾ?

ಕಲ್ಲುನೋಟ:
ಇಲ್ಲ, ಬಣ್ಣ ಹಾಕಿದವೂ ಬೇಕಾದಷ್ಟಿವೆ. ಬಿರುಕುಗಳಲ್ಲೇ ಬಣ್ಣ ಗಾಢವಾಗಿ ನಿಂತಿದ್ದರೆ ಅನುಮಾನ ಪಡಿ. ಕೆತ್ತನೆ ಆ ಬಣ್ಣವನ್ನು ಬಳಸಿಕೊಂಡಿದೆಯಾ ಅಂತಲೂ ನೋಡಿ. ನೀವು ಹೇಳಿದ ಬೆಟ್ಟದಲ್ಲಿ ಕಂದು ಬಣ್ಣ ಬಂಡೆಯಲ್ಲಷ್ಟೇ ಇದ್ದು ಮುದುಕ ಬಿಳಿಯಲ್ಲಿದ್ದರೆ, ಯೋಚಿಸಿ ಮಾಡಿದ ಕೆಲಸ. ಇನ್ನೊಂದು ಪಕ್ಕದ ಫೋಟೋ ಇದ್ದರೆ ಹಾಕಿ.